ಮಲಗಿಸಿ ತೆಗೆದ ಮುಖ

ಗೋಣಿಚೀಲದ ಬಾಯಿ ಬಿಚ್ಚಿ, ಇನ್ಸ್‌ಪೆಕ್ಟರು ಧಣಿಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಲಸದ ಮೇಜಿನ ಮೇಲಿಟ್ಟರು.

“ನೋಡಿ ಹೇಳಿ ಅಮ್ಮಾ. ಇದು ನಿಮ್ಮ ಕೈಕೆಲಸಾನಾ?”

ಮುಖದಕ್ಕ ಕನ್ನಡಕ ಹುಡುಕಿದಳು. ಅದು ಅವಳ ತಲೆಯ ಮೇಲೇ ಇತ್ತು. ಇತ್ತೀಚೆಗೆ ಎಲ್ಲವೂ ಹೀಗೇ, ಹುಡುಕುವುದರಲ್ಲೇ ಅರ್ಧ ಸುಸ್ತು.

ಆ ತಲೆ ಬೆಳಿಗ್ಗೆ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತ್ತು. ಹಳೇ ಸಾಮಾನು ಎಂದುಕೊಂಡು ಚೀಲ ಬಿಚ್ಚಿದ ಅಂಗಡಿಯವನು ಚಪ್ಪಲಿ ಬಿಟ್ಟು ಓಡಿದ್ದ, ಮಧ್ಯಾಹ್ನವಾದರೂ ವಾಪಸು ಬಂದಿರಲಿಲ್ಲವಂತೆ. ಅದು ಸಿಲಿಕಾನಿನ ತಲೆ ಎಂದು ಪೊಲೀಸರಿಗೆ ತಿಳಿಯುವಷ್ಟರಲ್ಲಿ ಬೀದಿಯ ಜನವೆಲ್ಲ ಸೇರಿ, ತಮ್ಮ ಮೆಚ್ಚಿನ ನಟನಿಗಾಗಿ ಎರಡನೇ ಸಲ ಕಣ್ಣೀರು ಹಾಕಿ ಆಗಿತ್ತು.

ಧಣಿ ಎಂದೇ ಎಲ್ಲರೂ ಕರೆಯುತ್ತಿದ್ದ ಆ ನಟ ತನ್ನ ಮನೆಯಲ್ಲಿ ಬೆಳಗಿನ ಹೊತ್ತೇ ಕೊಲೆಯಾಗಿದ್ದ ಎಂದು ಡಾಕ್ಟರು ಹೇಳಿದ್ದರು. ಅದೇ ದಿನ ಸಂಜೆ ಅವನು ಕಾರಿನ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಮಾಡುತ್ತ ಸ್ಟುಡಿಯೋ ಗೇಟು ದಾಟಿದ್ದನ್ನು ಗೇಟಿನವನೂ ಕಂಡಿದ್ದ, ಕ್ಯಾಮೆರಾವೂ ಕಂಡಿತ್ತು. ಸತ್ತವನು ಸವಾರಿ ಹೊರಟದ್ದು ಹೇಗೆ ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಈಗ ಮೇಜಿನ ಮೇಲೆ ಕೂತಿತ್ತು. ಕಾರು ಓಡಿಸಿದ ಡ್ರೈವರ್ ಮಾತ್ರ ನಾಪತ್ತೆ.

ಮುಖದಕ್ಕನ ಜೊತೆಗೇ ಮೇಕಪ್ ಕೆಲಸ ಮಾಡುತ್ತಿದ್ದ ತಮ್ಮ ಲಾಕಪ್ಪಿನಲ್ಲಿದ್ದ. ಕಾರಣ ಚಿಕ್ಕದು, ಆದರೆ ಗಟ್ಟಿ. ಹಿಂದೊಮ್ಮೆ ಮೂಗು ಅಂಟಿಸುವಾಗ ಉರಿಯಾಯಿತೆಂದು ಧಣಿ ಇಡೀ ಯೂನಿಟ್ಟಿನ ಮುಂದೆ ಅವನ ಕಪಾಳಕ್ಕೆ ಬಾರಿಸಿದ್ದ. ತಮ್ಮ ಅಳಲಿಲ್ಲ, ಬೈಯಲಿಲ್ಲ. “ನಿಮ್ಮ ಮುಖ ನನ್ನ ಕಪಾಟಿನಲ್ಲಿದೆ ಧಣಿ, ಮರೀಬೇಡಿ” ಎಂದಷ್ಟೇ ಹೇಳಿ ಹೊರಟುಬಂದಿದ್ದ. ಆ ಒಂದು ಮಾತು ಈಗ ನೇಣಿನ ಹಗ್ಗವಾಗಿ ಅವನ ಕೊರಳಿಗೇ ಸುತ್ತಿಕೊಂಡಿತ್ತು.

“ಮುಟ್ಟಬಹುದಾ ಸಾರ್?”

“ಬೆರಳಚ್ಚು ತಗೊಂಡಾಗಿದೆ. ಮುಟ್ಟಿ.”

ಇನ್ಸ್‌ಪೆಕ್ಟರು ಎಡಗೆನ್ನೆ ಒತ್ತಿಕೊಂಡೇ ಮಾತಾಡುತ್ತಿದ್ದರು. ಹಲ್ಲುನೋವು. ಈಗ ಇವರ ಮುಖದಚ್ಚು ತೆಗೆದರೆ ಎಡಗಡೆ ಒಂದು ಹಿಡಿ ಪ್ಲಾಸ್ಟರ್ ಜಾಸ್ತಿ ಬೇಕಾಗುತ್ತದೆ ಎಂದು ಮುಖದಕ್ಕನಿಗೆ ತಾನಾಗಿಯೇ ಹೊಳೆಯಿತು. ಬದುಕೆಲ್ಲ ಮುಖ ನೋಡುತ್ತ ಕೂತಿದ್ದಕ್ಕೆ ಅಂಟಿಕೊಂಡ ಕಾಯಿಲೆ ಅದು.

ಅವಳ ನಿಜವಾದ ಹೆಸರು ಸಿನಿಮಾದವರಿಗೆ ಎಂದೋ ಮರೆತುಹೋಗಿತ್ತು. ಮೇಕಪ್ ಕೋಣೆಯಲ್ಲಿ ಮೀಸೆ ಅಂಟಿಸಲು ಬಂದವಳು ಸುಟ್ಟ ಚರ್ಮ, ಗುಂಡು ಹೊಕ್ಕ ಹಣೆ, ಕುಷ್ಠ, ಮುಪ್ಪು ಎಲ್ಲವನ್ನೂ ಮಾಡಿ ಮುಖದಕ್ಕನಾದಳು. ಪ್ಲಾಸ್ಟರಿನ ಕೆಳಗೆ ದೊಡ್ಡ ದೊಡ್ಡ ಹೀರೋಗಳು ಹೆದರಿ ಅವಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದುಂಟು. ಒಬ್ಬ ಖಳನಾಯಕನಂತೂ ಒಳಗೇ ಗೊರಕೆ ಹೊಡೆದಿದ್ದ. ಪರದೆಯ ಮೇಲೆ ಅವಳ ಹೆಸರು ಬರುತ್ತಿದ್ದದ್ದು ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ. “ಎಷ್ಟು ಚೆನ್ನಾಗಿ ಮುದುಕ ಆಗಿದಾನಪ್ಪಾ” ಎಂದು ಮೆಚ್ಚುಗೆ ಸಿಗುತ್ತಿದ್ದದ್ದು ನಟನಿಗೆ. ಈಗ ಮುಪ್ಪನ್ನೂ ಕಂಪ್ಯೂಟರೇ ಬಳಿಯುತ್ತದೆ. ಅವಳಿಗೆ ಉಳಿದಿದ್ದು ಬಿರಿದ ಅಂಗೈ, ಬೆನ್ನುನೋವು, ಮತ್ತು ಕಪಾಟಿನ ತುಂಬ ಕಣ್ಣು ಮುಚ್ಚಿದ ಬಿಳಿ ಮುಖಗಳು.

ಅವಳು ತಲೆಯನ್ನು ಬೆಳಕಿಗೆ ತಿರುಗಿಸಿದಳು. ಕಿವಿಯ ಹಿಂದೆ ಹೆಬ್ಬೆರಳು ಒತ್ತಿದಾಗ ಚರ್ಮ ಬೆರಳಿಗೆ ಹತ್ತಿಕೊಂಡಿತು.

“ಇಲ್ಲಿ ನೋಡಿ ಸಾರ್, ಅಂಟು ಅಂಟು. ರಬ್ಬರ್ ಗ್ಲೌಸ್ ಹಾಕ್ಕೊಂಡು ಮಾಡಿದಾರೆ. ಈ ಸಿಲಿಕಾನಿಗೂ ರಬ್ಬರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ರಬ್ಬರ್ ತಾಗಿದ ಕಡೆ ಅದು ಯಾವತ್ತಿಗೂ ಗಟ್ಟಿಯಾಗಲ್ಲ. ನಮ್ಮಲ್ಲಿ ಮೊದಲನೇ ದಿನ ಹೇಳ್ಕೊಡೋ ಪಾಠ ಇದು.”

“ಅಂದ್ರೆ ಮಾಡಿದವನು ಹೊಸಬ.”

“ಅರೆಬರೆ ಕಲಿತವನು. ಕೂದಲು ನೋಡಿ, ಒಂದೊಂದಾಗಿ ನೆಟ್ಟಿಲ್ಲ, ವಿಗ್ ತಂದು ಅಂಟಿಸಿದಾನೆ. ಬಣ್ಣ ಗೋಡೆಗೆ ಸುಣ್ಣ ಹೊಡೆದ ಹಾಗಿದೆ. ಕಾರಿನೊಳಗೆ ಟೋಪಿ, ಮಫ್ಲರ್ ಹಾಕಿ ಕೂರಿಸಿದ್ದಕ್ಕೆ ಗೇಟಿನವನು ಮೋಸ ಹೋದ, ಅಷ್ಟೇ.”

ಅವಳ ಬೆರಳು ಧಣಿಯ ಮೂಗಿನ ಬದಿಗೆ, ತುಟಿಯ ಮೂಲೆಗೆ, ಗಲ್ಲಕ್ಕೆ ಇಳಿಯಿತು. ಅಲ್ಲಿ ಚರ್ಮದ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳೂ ಸ್ಪಷ್ಟವಾಗಿ ಮೂಡಿದ್ದವು.

“ಆದ್ರೆ ಮುಖದಚ್ಚು ತೆಗೆದವರು ಹೊಸಬರಲ್ಲ. ಇದು ಪಳಗಿದ ಕೈ.”

ಮಾತು ಆಡಿದರೆ ಹೋಯಿತು. ಇನ್ಸ್‌ಪೆಕ್ಟರು ಕೆನ್ನೆಯಿಂದ ಕೈ ತೆಗೆದರು.

“ಪಳಗಿದ ಕೈ ಅಂದ್ರೆ ಈ ಊರಲ್ಲಿ ಎರಡೇ. ಒಂದು ನಿಮ್ಮದು, ಇನ್ನೊಂದು ನಿಮ್ಮ ತಮ್ಮಂದು.”

“ಸ್ವಲ್ಪ ತಡೀರಿ.”

ಅವಳು ಸ್ಟೂಲು ಹತ್ತಿ ಕಪಾಟಿನ ಮೇಲಿನ ಸಾಲಿನಿಂದ ಧಣಿಯ ಪ್ಲಾಸ್ಟರ್ ಮುಖವನ್ನು ಇಳಿಸಿ ತಂದಳು. ಧೂಳು ಊದಿ, ಸೆರಗಿನಿಂದ ಒರೆಸಿ, ಸಿಲಿಕಾನ್ ತಲೆಯ ಪಕ್ಕಕ್ಕಿಟ್ಟಳು. ಒಬ್ಬನೇ ಮನುಷ್ಯನ ಎರಡು ಮುಖ.

“ಇದು ನಮ್ಮ ಅಚ್ಚು. ಕುರ್ಚಿಯಲ್ಲಿ ಕೂರಿಸಿ ತೆಗೆದಿದ್ದು. ಕೆನ್ನೆ ಇಲ್ಲಿ, ಗಲ್ಲದ ಹತ್ತಿರ ಜೋತುಬಿದ್ದಿದೆ. ಕೂತ ಮನುಷ್ಯನ ಮಾಂಸ ಕೆಳಕ್ಕೆ ಇಳಿಯುತ್ತೆ. ಈಗ ಈ ತಲೆ ನೋಡಿ. ಕೆನ್ನೆ ಎಲ್ಲಿ ಹೋಗಿದೆ?”

ಇನ್ಸ್‌ಪೆಕ್ಟರು ಬಗ್ಗಿದರು. “ಕಿವಿ ಕಡೆ ಸರಿದಿದೆ.”

“ಅಂಗಾತ ಮಲಗಿಸಿ ತೆಗೆದಿದಾರೆ. ಇನ್ನೊಂದು. ಆ ಅಚ್ಚಿನ ಪುಡಿ ಕಲಸಿದ್ದು ತಣ್ಣಗೆ ಮುಖಕ್ಕೆ ಬಿದ್ದ ತಕ್ಷಣ ಎಂಥವರಿಗೂ ಹುಬ್ಬು ಗಂಟಾಗುತ್ತೆ. ನಮ್ಮದರಲ್ಲಿ ಗಂಟಿದೆ. ಇದರಲ್ಲಿ ಇಲ್ಲ. ದವಡೆ ಕೂಡ ಸಡಿಲ.”

“ಸತ್ತ ಮೇಲೆ ತೆಗೆದಿದ್ದಾ?”

“ಬೆಳಿಗ್ಗೆ ಅಚ್ಚು ತೆಗೆದು ಅದೇ ಸಂಜೆಗೆ ತಲೆ ಮಾಡಿ ಕಾರಲ್ಲಿ ಕೂರಿಸೋಕೆ ಯಾರಪ್ಪನ ಕೈಯಲ್ಲೂ ಆಗಲ್ಲ ಸಾರ್. ಬಹಳ ದಿನ ಮುಂಚೆನೇ ತೆಗೆದಿದಾರೆ. ಬದುಕಿದ್ದಾಗಲೇ. ಮಂಪರು ಬರೋ ಔಷಧಿ ಏನೋ ಕೊಟ್ಟಿದ್ರು ಅನ್ಸುತ್ತೆ.”

ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕುಸಿದು ಕೂತರು. ಕೇಸು ಮುಗಿಯಿತು ಎಂದುಕೊಂಡು ಬಂದಿದ್ದ ಮನುಷ್ಯ. ಹೊಸದಾಗಿ ಶುರು ಮಾಡಬೇಕಲ್ಲ ಎಂಬ ಆಯಾಸ ಊದಿದ ಕೆನ್ನೆಯ ಮೇಲೂ ಕಂಡಿತು.

“ನಿಮ್ಮಲ್ಲಿ ಯಾರೂ ಮಲಗಿಸಿ ತೆಗೆಯಲ್ವಾ?”

“ಇಲ್ಲ. ನಮ್ಮ ನಟರು ನಿಂತು ಮಾತಾಡೋರು. ಮಲಗಿಸಿ ತೆಗೆದ ಅಚ್ಚಿಗೆ ಮುಪ್ಪು ಮಾಡಿದ್ರೆ ಎದ್ದು ನಿಂತ ಕೂಡ್ಲೇ ಅಂಚು ಬಾಯಿ ಬಿಡುತ್ತೆ. ನನ್ನ ತಮ್ಮ ಆ ತಪ್ಪು ಮಾಡೋನಲ್ಲ.”

ಹೇಳುವಾಗ ಅವಳ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ತಮ್ಮ ಪಾರಾಗುತ್ತಾನೆ. ಅವನು ಬರುವಷ್ಟರಲ್ಲಿ ಒಂದು ಹಂಡೆ ನೀರು ಕಾಯಿಸಿಟ್ಟಿರಬೇಕು, ಸ್ನಾನ ಮಾಡಿ ಮಲಗಲಿ.

“ಹಾಗಾದ್ರೆ ಮಲಗಿಸಿ ತೆಗೆಯೋರು ಯಾರು?”

ಉತ್ತರ ಹೇಳಲು ಬಾಯಿ ತೆರೆದವಳ ಕಣ್ಣು ಆಗ ರೆಪ್ಪೆಯ ಮೇಲೆ ಬಿತ್ತು.

ತಲೆ ಮಾಡಿದವನಿಗೆ ರೆಪ್ಪೆಗೂದಲು ನೆಡಲು ಬಂದಿರಲಿಲ್ಲ. ಆದರೆ ಅಚ್ಚಿನಲ್ಲಿ ಮೂಡಿದ ರೆಪ್ಪೆಗೂದಲ ಗುರುತು ಹಾಗೇ ಉಳಿದಿತ್ತು, ಒಂದಕ್ಕೊಂದು ತಾಗದೆ, ಬಿಡಿಬಿಡಿಯಾಗಿ. ಯಾರೇ ಅಚ್ಚು ತೆಗೆದರೂ ರೆಪ್ಪೆ ಮುದ್ದೆಯಾಗುತ್ತದೆ. ಮೆತ್ತನೆಯ ಬ್ರಶ್ಶಿನಲ್ಲಿ ಮೊದಲು ತೆಳುವಾಗಿ ಒಂದು ಪದರ, ಮೇಲಿಂದ ಕೆಳಕ್ಕೆ, ಉಸಿರು ಹಿಡಿದು ಎಳೆದರೆ ಮಾತ್ರ ಹೀಗೆ ಬರುತ್ತದೆ. ಅದು ಮುಖದಕ್ಕ ತಾನೇ ಕಂಡುಕೊಂಡ ಕೆಲಸ. ತಮ್ಮನಿಗೂ ಹೇಳಿಕೊಟ್ಟಿದ್ದಳು, ಅವನಿಗೆ ಅಷ್ಟು ತಾಳ್ಮೆ ಬರಲೇ ಇಲ್ಲ. ಬಂದದ್ದು ಇನ್ನೊಬ್ಬಳಿಗೆ.

ಮಲಗಿಸಿ ಅಚ್ಚು ತೆಗೆಯುವ ಕೆಲಸದಲ್ಲಿ ಈಗ ಆ ಇನ್ನೊಬ್ಬಳೇ ಇದ್ದಳು.

“ಅಮ್ಮಾ?”

“ಗೊತ್ತಿಲ್ಲ ಸಾರ್.”

ಇನ್ಸ್‌ಪೆಕ್ಟರು ಅವಳ ಮುಖವನ್ನೇ ನೋಡಿದರು. ಮುಖ ಓದುವುದು ಅವರಿಗೂ ಹೊಟ್ಟೆಪಾಡೇ.

“ನೀವು ಹೇಳಿದ್ದರಲ್ಲಿ ನ್ಯಾಯ ಇದೆ” ಎಂದರು ಎದ್ದು ತಲೆಯನ್ನು ಚೀಲಕ್ಕೆ ಹಾಕುತ್ತ. “ಆದ್ರೆ ಕೋರ್ಟಿನವರು ಇದನ್ನ, ತಮ್ಮನ್ನ ಉಳಿಸೋಕೆ ಅಕ್ಕ ಹೇಳಿದ ಮಾತು ಅಂತಾರೆ. ಈ ಅಚ್ಚು ತೆಗೆದವರು ಯಾರು ಅಂತ ತೋರಿಸಿ, ನಿಮ್ಮ ತಮ್ಮನ್ನ ನಾನೇ ಕರ್ಕೊಂಡು ಬಂದು ಮನೆಗೆ ಬಿಡ್ತೀನಿ. ಇಲ್ದಿದ್ರೆ ನಾಳೆ ಅವನು ಜೈಲಿಗೆ. ಕೊಲೆ ಕೇಸು, ಜಾಮೀನು ಅಷ್ಟು ಸುಲಭಕ್ಕೆ ಸಿಗಲ್ಲ.”

ಬಾಗಿಲಲ್ಲಿ ನಿಂತು ತಿರುಗಿದರು. “ಟೀವಿಯವರು ಈ ತಲೆ ಸುದ್ದಿ ಆಗಲೇ ಹಾಕಿದಾರೆ. ತೆಗೆದವರೂ ನೋಡಿರ್ತಾರೆ. ಯೋಚನೆ ಮಾಡಿ.”

ಯೋಚನೆ ಮಾಡಲು ಏನೂ ಉಳಿದಿರಲಿಲ್ಲ. ತಮ್ಮನನ್ನು ಬಿಡಿಸಿದರೆ ಮಗಳನ್ನು ಹಿಡಿದುಕೊಟ್ಟ ಹಾಗೆ.

* * *

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೂ ಅವಳಿಗೆ ಹೊರಗಿನದೇನೂ ಕಾಣಲಿಲ್ಲ.

ಮಗಳನ್ನು ಹೆತ್ತವಳು ಮುಖದಕ್ಕ, ಸಾಕಿದವನು ತಮ್ಮ. ಗಂಡ ಹೋದ ಮೇಲೆ ಹೊರಾಂಗಣ ಶೂಟಿಂಗು, ಒಳಾಂಗಣ ಶೂಟಿಂಗು ಎಂದು ಅವಳು ಊರೂರು ಅಲೆಯುತ್ತಿದ್ದಾಗ ಕೂಸಿಗೆ ಜಡೆ ಹಾಕಿದ್ದು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಕೋಣೆಯುದ್ದಕ್ಕೂ ನಡೆದಾಡಿದ್ದು ಆ ಸೋದರಮಾವ. ಅದಕ್ಕೇ ಅವನು ಮದುವೆಯನ್ನೂ ಮುಂದಕ್ಕೆ ಹಾಕುತ್ತ ಹಾಕುತ್ತ ಕೊನೆಗೆ ಬಿಟ್ಟೇಬಿಟ್ಟ. “ನಮ್ಮನೇಲಿ ಮುಖಗಳಿಗೇನು ಕಡಿಮೆ, ಇನ್ನೊಂದು ಯಾಕೆ” ಎಂದು ತಮಾಷೆ ಮಾಡಿದ್ದ.

ಮಗಳ ಕೈ ತಾಯಿಯದಕ್ಕಿಂತ ಹಗುರ. ಕೆಲಸವನ್ನು ಅವಳು ಮುಂದುವರಿಸುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಅವಳು ಸಿನಿಮಾ ಬಿಟ್ಟು ಆಸ್ಪತ್ರೆ ಸೇರಿದಳು. ಕ್ಯಾನ್ಸರಿನಲ್ಲಿ ಮೂಗು ಹೋದವರಿಗೆ ಮೂಗು, ಬೆಂಕಿಯಲ್ಲಿ ಕಿವಿ ಕಳೆದುಕೊಂಡವರಿಗೆ ಕಿವಿ ಮಾಡಿಕೊಡುವ ಕೆಲಸ. ಅಲ್ಲಿ ರೋಗಿಗಳನ್ನು ಮಂಚದ ಮೇಲೆ ಮಲಗಿಸಿಯೇ ಅಚ್ಚು ತೆಗೆಯುತ್ತಾರೆ. ಕೆಲವರು ಔಷಧಿಯ ಮಂಪರಿನಲ್ಲಿರುತ್ತಾರೆ.

ಅವತ್ತು ಮುಖದಕ್ಕ ಒಂದು ಮಾತಾಡಿದ್ದಳು. “ಸಾಯೋರಿಗೆ ಮೂಗು ಅಂಟಿಸೋಕಾ ನಾನು ನಿನಗೆ ಕಲಿಸಿದ್ದು?”

ಮಗಳು ಬ್ಯಾಗು ತೆಗೆದುಕೊಂಡು ಹೋದಳು. ಆಮೇಲೆ ಎರಡು ವರ್ಷ ಇವಳೂ ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ತಾಯಿಗೆ ತಕ್ಕ ಮಗಳು ಎಂದು ತಮ್ಮ ಗೊಣಗುತ್ತಿದ್ದ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು, ಮೊದಲನೇ ಮಾತು ಏನು ಆಡಬೇಕು ಎಂದು ತಿಳಿಯದೆ ಮುಖದಕ್ಕ ಕೆಳಗಿಟ್ಟಿದ್ದಳು. ಇವತ್ತು ಆಡಬೇಕಾದ ಮಾತು ಗೊತ್ತಿತ್ತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಳೇ ಮಂಚಗಳನ್ನು ಪೇರಿಸಿಟ್ಟ ಓಣಿಯ ಕೊನೆಗೆ ಮಗಳ ಕೋಣೆ. ಬಾಗಿಲು ತೆರೆದೇ ಇತ್ತು. ತಟ್ಟೆಯೊಂದರಲ್ಲಿ ಕಿವಿಗಳು, ಇನ್ನೊಂದರಲ್ಲಿ ಮೂಗುಗಳು. ಮಗಳು ಮೇಣದ ಕಿವಿಯೊಂದನ್ನು ಬೆರಳತುದಿಯಲ್ಲಿ ಹಿಡಿದು ತಿದ್ದುತ್ತಿದ್ದಳು. ತೆಳ್ಳಗಾಗಿದ್ದಳು. ಕಿವಿಯ ಪಕ್ಕ ಒಂದೆರಡು ಬಿಳಿಕೂದಲು. ಇಷ್ಟು ಬೇಗ ಯಾಕೆ ಎಂದು ತಾಯಿಗೆ ಸಂಕಟವಾಯಿತು.

ಏನು ಬೈಗುಳ ಕಾದಿದೆಯೋ ಎಂದು ಹೊಸ್ತಿಲಲ್ಲೇ ನಿಂತಳು. ಮಗಳು ತಲೆಯೆತ್ತಿದಳು. ಮುಖ ಅರಳಿತು.

“ಬಾಮ್ಮ. ಭಾನುವಾರ ಬರ್ತೀನಿ ಅಂದಿದ್ಯಲ್ಲ, ಇವತ್ತೇ ಬಂದ್ಯಾ?”

ಮುಖದಕ್ಕನಿಗೆ ಏನೂ ಅರ್ಥವಾಗಲಿಲ್ಲ.

“ಕೂತ್ಕೋ. ಕೈಗೆಲ್ಲ ಮೇಣ ಆಗಿದೆ, ಇಲ್ದಿದ್ರೆ ನಾನೇ ಕುರ್ಚಿ ಹಾಕ್ತಿದ್ದೆ. ಬೆನ್ನುನೋವು ಹೇಗಿದೆ?”

“ಬೆನ್ನುನೋವು ನಿನಗೆ ಯಾರು ಹೇಳಿದ್ರು?”

“ನೀನೇ ಹೇಳಿದ್ಯಲ್ಲ ಮೊನ್ನೆ.”

ಮಗಳು ನಕ್ಕಳು. ಎರಡು ವರ್ಷದಿಂದ ಕಾಣದ ನಗು. ಮುಖದಕ್ಕ ಅದನ್ನು ನೋಡುತ್ತ ಕುರ್ಚಿಯ ತುದಿಯಲ್ಲಿ ಕೂತಳು. ಬಂದ ಕೆಲಸ ನಾಲಿಗೆಯ ಮೇಲೆ ಭಾರವಾಯಿತು. ತಡ ಮಾಡಿದರೆ ಆಡಲಿಕ್ಕೇ ಆಗುವುದಿಲ್ಲ ಎಂದು ಗೊತ್ತಿತ್ತು.

“ಧಣಿಯ ಮುಖದಚ್ಚು ನೀನು ತೆಗೆದ್ಯಾ?”

“ಹೂಂ.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಅವಳು ಎಣಿಸಿರಲಿಲ್ಲ.

“ಯಾಕೆ ತೆಗೆದೆ?”

ಮಗಳ ಕೈ ಮೇಣದ ಕಿವಿಯ ಮೇಲೆ ನಿಂತಿತು. “ಯಾಕೆ ಅಂದ್ರೆ? ನೀನು ಹೇಳಿದೆ, ತೆಗೆದೆ. ನನ್ನನ್ಯಾಕೆ ಹೀಗೆ ಪರೀಕ್ಷೆ ಮಾಡ್ತಿದೀಯ?”

“ನಾನು ಏನು ಹೇಳಿದೆ?”

“ಅಮ್ಮ, ಹುಷಾರಾಗಿದೀಯ ತಾನೆ? ಧಣಿಗೆ ಸಣ್ಣದಾಗಿ ಲಕ್ವ ಹೊಡೆದಿದೆ, ಹೊರಗೆ ಗೊತ್ತಾದ್ರೆ ಸಿನಿಮಾ ನಿಲ್ಲುತ್ತೆ, ಕೂರೋಕಾಗಲ್ಲ, ನೀನಾದ್ರೆ ಮಲಗಿಸಿ ತೆಗೀತೀಯ, ಹೋಗಿ ಬಾ ಅಂದೆ. ಡ್ರೈವರ್ ಕಾರು ತಂದ. ಮನೇಲಿ ಧಣಿ ಮಲಗಿದ್ರು, ಔಷಧಿ ಕೊಟ್ಟಿದೀವಿ ಅಂದ ಅವನು. ಅಚ್ಚು ತೆಗೆದು ಡ್ರೈವರ್ ಕೈಗೆ ಕೊಟ್ಟೆ. ನಿನಗೆ ತಲುಪಿಸ್ತೀನಿ ಅಂದ. ತಲುಪ್ತು ಅಂತ ನೀನೇ ಫೋನ್ ಮಾಡಿ ಹೇಳಿದ್ಯಲ್ಲ.”

“ನಾನು ಫೋನ್ ಮಾಡಿದ್ನಾ?”

“ಮತ್ತಿನ್ಯಾರು?”

“ಯಾವ ನಂಬರಿಂದ?”

“ಹಳೇ ಫೋನ್ ನೀರಿಗೆ ಬಿತ್ತು, ಇದು ಹೊಸ ನಂಬರು ಅಂದೆ.” ಮಗಳ ದನಿ ಇಳಿಯಿತು. “ಅಮ್ಮ, ಏನಿದು? ನೀನು ಫೋನ್ ಮಾಡಿ ಗುಬ್ಬಿ ಅಂದಾಗ ನಾನು ಇಲ್ಲೇ ಕೂತು ಅತ್ತುಬಿಟ್ಟೆ. ಅಲ್ಲಿಂದ ದಿನಾ ಮಾತಾಡ್ತಿದೀವಿ.”

ಗುಬ್ಬಿ. ಆ ಹೆಸರು ಮನೆಯ ಬಾಗಿಲು ದಾಟಿ ಹೋದದ್ದೇ ಇಲ್ಲ. ಶಾಲೆಯ ಗೆಳತಿಯರಿಗೂ ಗೊತ್ತಿರಲಿಲ್ಲ.

ಮುಖ ಕದಿಯುವುದು ಹೇಗೆ ಎಂದು ಮುಖದಕ್ಕನಿಗೆ ಗೊತ್ತಿತ್ತು, ಅದೇ ಅವಳ ಬದುಕು. ಮುಪ್ಪು ಬಳಿಯುವ ಕಂಪ್ಯೂಟರಿನಿಂದ ದನಿಯನ್ನೂ ಕದಿಯಬಹುದು ಎಂದು ಹೊಳೆದಿರಲಿಲ್ಲ. ಯಾರೋ ತನ್ನ ಗಂಟಲಿನಲ್ಲಿ ದಿನಾ ಮಗಳ ಜೊತೆ ಮಾತಾಡಿದ್ದಾರೆ. ಇವಳು ಹಟ ಹಿಡಿದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಬಂದು ಕೂತಿದ್ದಾರೆ.

“ಧಣಿ ಸತ್ತ ಮೇಲೂ ಫೋನ್ ಬಂತಾ?”

“ಬಂತು. ಮುಖ ತೆಗೆದ ವಿಷಯ ಯಾರಿಗೂ ಬಾಯಿಬಿಡ್ಬೇಡ, ಮಾವನಿಗೆ ತೊಂದರೆ ಆಗುತ್ತೆ ಅಂದೆ. ಅದಕ್ಕೇ ಸುಮ್ಮನಿದ್ದೆ. ಮಾವನ್ನ ಹಿಡ್ಕೊಂಡು ಹೋದಾಗ್ಲೂ ನೀನು ಸುಮ್ಮನಿರು ಅಂದಿದ್ದಕ್ಕೆ ಸುಮ್ಮನಿದ್ದೆ.” ಮಗಳು ಮೇಣದ ಕಿವಿಯನ್ನು ಕೆಳಗಿಟ್ಟಳು. “ನೀನಲ್ವಾ ಅಮ್ಮ ಅದು?”

ಮುಖದಕ್ಕ ಬಾಯಿ ತೆರೆಯುವಷ್ಟರಲ್ಲಿ ಓಣಿಯಲ್ಲಿ ಬೂಟಿನ ಸದ್ದಾಯಿತು.

ಇನ್ಸ್‌ಪೆಕ್ಟರು ಬಾಗಿಲಿಗೆ ಒರಗಿ ನಿಂತರು. ಬಸ್ಸಿನ ಹಿಂದೆ ಜೀಪು ಬಂದಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ಹಲ್ಲುನೋವಿತ್ತು.

“ಕ್ಷಮಿಸಿ ಅಮ್ಮಾ. ಗೊತ್ತಿಲ್ಲ ಅಂತ ನೀವು ಹೇಳಿದ ರೀತಿ ನನಗೆ ಸರಿ ಬರಲಿಲ್ಲ.” ಅವರು ಮಗಳ ಕಡೆ ತಿರುಗಿದರು. “ನೀವು ಹೇಳಿದ್ದು ಕೇಳಿಸ್ತು. ಅಚ್ಚು ತೆಗೆದಿದ್ದು ನೀವು. ಧಣಿಗೆ ಲಕ್ವ ಗಿಕ್ವ ಏನೂ ಹೊಡೆದಿರಲಿಲ್ಲ, ಕಾಯಿಲೆ ಏನಾದ್ರೂ ಇತ್ತಾ ಅಂತ ಅವರ ಡಾಕ್ಟರನ್ನ ಮೊದಲೇ ಕೇಳಿದೀನಿ. ಯಾರೋ ಮಂಪರು ಬರಿಸಿದ್ರು. ಅಮ್ಮ ಹೇಳಿದ್ದಕ್ಕೆ ಹೋದೆ ಅಂತೀರ.”

“ಹೌದು.”

“ಅವರು ಹೇಳಿರದೇ ಇದ್ರೆ, ಔಷಧಿ ಕೊಟ್ಟವರ ಜೊತೆ ನೀವೂ ಸೇರಿದ್ರಿ ಅಂತ ನಾನು ಬರ್ಕೋಬೇಕಾಗುತ್ತೆ.” ಅವರು ನಿಧಾನವಾಗಿ ಮುಖದಕ್ಕನನ್ನು ನೋಡಿದರು. “ಹೇಳಿ. ಆ ಫೋನ್ ಮಾಡಿದ್ದು ನೀವೇನಾ?”

ಮಗಳು ತಾಯಿಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಜೈಲಿನ ಹೆದರಿಕೆ ಇರಲಿಲ್ಲ. ಬೇರೆ ಹೆದರಿಕೆ ಇತ್ತು. ಇಷ್ಟು ದಿನ ತನ್ನನ್ನು ಗುಬ್ಬಿ ಎಂದು ಕರೆದದ್ದು, ಬೆನ್ನುನೋವು ಹೇಳಿಕೊಂಡದ್ದು, ಭಾನುವಾರ ಬರುತ್ತೇನೆಂದದ್ದು ಅಮ್ಮನಲ್ಲದೆ ಹೋದರೆ ಎಂಬ ಹೆದರಿಕೆ.

ಇಲ್ಲ ಎಂದರೆ ಸತ್ಯ. ಹೌದು ಎಂದರೆ ತಮ್ಮನೂ ಹೊರಗೆ, ಮಗಳೂ ಹೊರಗೆ, ತಾನೊಬ್ಬಳು ಒಳಗೆ. ಜೊತೆಗೆ ಈ ಹುಡುಗಿಗೆ ಫೋನಿನಲ್ಲಿ ಸಿಕ್ಕ ಅಮ್ಮನೂ ಉಳಿಯುತ್ತಾಳೆ. ಮುಖದಕ್ಕನಿಗೆ ಬಹಳ ಆಯಾಸವಾಗಿತ್ತು. ಕೂತು ಲೆಕ್ಕ ಹಾಕುವಷ್ಟು ಶಕ್ತಿಯೂ ಇರಲಿಲ್ಲ. ಹೆತ್ತ ಕರುಳು ಲೆಕ್ಕ ಕೇಳಲೂ ಇಲ್ಲ.

“ಹೌದು ಸಾರ್” ಎಂದಳು. “ನಾನೇ ಮಾಡಿದ್ದು.”

ಮಗಳು ತಡೆದಿಟ್ಟಿದ್ದ ಉಸಿರು ಬಿಟ್ಟಳು. ಕಣ್ಣಲ್ಲಿ ನೀರು ಬಂತು. ಆ ಉತ್ತರ ತಾಯಿಯನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ಇನ್ಸ್‌ಪೆಕ್ಟರಿಗೆ ಹೊಳೆದಿತ್ತು. “ಯೋಚನೆ ಮಾಡಿ ಹೇಳ್ತಿದೀರ ತಾನೆ?”

“ಮಾಡೇ ಹೇಳ್ತಿದೀನಿ. ನಡೀರಿ.”

ಅವಳು ಎದ್ದಳು. ಅಷ್ಟರಲ್ಲಿ ಮೇಜಿನ ಮೇಲೆ, ಮೇಣದ ಕಿವಿಗಳ ನಡುವೆ ಇಟ್ಟಿದ್ದ ಮಗಳ ಮೊಬೈಲು ಗುಂಯ್‌ಗುಟ್ಟಿ ಅಲುಗಾಡತೊಡಗಿತು.

ಮೂವರೂ ಬಗ್ಗಿ ನೋಡಿದರು. ಪರದೆಯ ಮೇಲೆ ‘ಅಮ್ಮ, ಹೊಸ ನಂಬರು’ ಎಂದಿತ್ತು.

ಇನ್ಸ್‌ಪೆಕ್ಟರು ಮುಖದಕ್ಕನ ಎರಡೂ ಖಾಲಿ ಕೈಗಳನ್ನು ನೋಡಿದರು. ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟು, ತಾವೇ ಸ್ಪೀಕರ್ ಒತ್ತಿದರು.

“ಗುಬ್ಬಿ, ಊಟ ಆಯ್ತಾ?”

ಮುಖದಕ್ಕನದೇ ದನಿ. ಕೊನೆಗೆ ಸ್ವಲ್ಪ ಒಡೆಯುವ ಅದೇ ಗಂಟಲು. ಆದರೆ ಎರಡು ವರ್ಷದಿಂದ ಅವಳು ಮಗಳಿಗೆ ತೋರಿಸದ ಅಕ್ಕರೆಯೆಲ್ಲ ಆ ದನಿಯಲ್ಲಿತ್ತು. ಕೇಳಿ ಅವಳಿಗೆ ಭಯಕ್ಕಿಂತ ಮೊದಲು ನಾಚಿಕೆಯಾಯಿತು.

“ಮಾತಾಡ್ಬೇಡ, ಸುಮ್ನೆ ಕೇಳಿಸ್ಕೋ ಕಂದಾ” ಎಂದಿತು ದನಿ. “ಟೀವಿ ನೋಡಿದ್ಯಲ್ಲ. ಧಣಿಯ ಮುಖ ಮಾಡಿದವರು ನನ್ನ ಮುಖಾನೂ ಮಾಡಿಟ್ಕೊಂಡಿದಾರೆ. ಇವತ್ತು ಯಾರಾದ್ರೂ ನನ್ನ ಹಾಗೇ ಕಾಣೋರು ನಿನ್ನ ಹತ್ರ ಬಂದ್ರೆ ನಂಬಬೇಡ. ಮುಟ್ಟಿ ನೋಡು.”

ಫೋನು ಕಟ್ಟಾಯಿತು.

“ನಾನೇ ಕಣೇ” ಎಂದಳು ಮುಖದಕ್ಕ. ದನಿ ಅವಳದಲ್ಲದ ಹಾಗೆ ಹೊರಬಂತು.

ಮಗಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅವಳ ಕಣ್ಣು ಮೊದಲು ತಾಯಿಯ ಹಣೆಯ ಕೂದಲ ಬುಡಕ್ಕೆ ಹೋಯಿತು, ಅಲ್ಲಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಗಲ್ಲದ ಕೆಳಕ್ಕೆ. ಅಂಟಿಸಿದ ಮುಖದ ಅಂಚು ಎಲ್ಲೆಲ್ಲಿ ಸಿಗುತ್ತದೆಂದು ಅವಳಿಗೆ ಕಲಿಸಿದ್ದು ಮುಖದಕ್ಕನೇ.